ಅರ್ಧ ಮೆದುಳು ಊರಿನದು

ಮನುಷ್ಯನ ಮೆದುಳಿನ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬ ಚಿಂತೆ ಕೊಪ್ಪಳ ಸೀಮೆಯವರಿಗೆ ಇಲ್ಲ. ಗಂಗಾವತಿಯಿಂದ ಆನೆಗೊಂದಿಯ ಹಾದಿ ಹಿಡಿದು ಅಂಜನಾದ್ರಿಯ ಬುಡದಲ್ಲಿ ಇಳಿದರೆ ಸಾಕು, ಕಥೆಯ ಮೊದಲ ಪಾತ್ರಗಳು ಮೆಟ್ಟಿಲ ಮೇಲೆಯೇ ಕೂತಿರುತ್ತವೆ. ವಾಲಿ ಸುಗ್ರೀವರು ಆಳಿದ ಕಿಷ್ಕಿಂಧೆ ಇದೇ ಎಂದು ತಲೆತಲಾಂತರದಿಂದ ನಂಬಿದ ನೆಲವಿದು. ಹನುಮಂತ ಹುಟ್ಟಿದ ಬೆಟ್ಟವೆಂದು ಜನ 575 ಮೆಟ್ಟಿಲು ಹತ್ತುತ್ತಾರೆ. ಹತ್ತುವಾಗ ಯಾರಾದರೂ ಹಿರಿಯ ಹೆಂಗಸು ಹಿಂದಿನಿಂದ ಕೂಗಿ ಎಚ್ಚರಿಸುತ್ತಾಳೆ: “ಏ ತಮ್ಮಾ, ಬಾಳೆಹಣ್ಣು ಚೀಲದಾಗ ಹಾಕ್ಕೊ, ಮಂಗ್ಯಾ ಕಸ್ಗಂತಾವ!”

ಮಂಗಗಳನ್ನು ಗದರಿಸಿ ಮುಂದೆ ಹೋಗುವುದು ಸುಲಭ. ಆದರೆ ಒಂದು ಗಳಿಗೆ ನಿಂತು ನೋಡಬೇಕು. ಮಂಗ ಮೊದಲು ನೋಡುವುದು ಚೀಲವನ್ನಲ್ಲ, ಚೀಲ ಹಿಡಿದವರ ಮುಖವನ್ನು. ಇವರು ಅಂಜುವವರೋ, ಕೋಲೆತ್ತುವವರೋ, ಕರೆದು ಕೊಡುವವರೋ ಎಂದು ಅಳೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಎಂಬ ವಿಜ್ಞಾನಿ ದಕ್ಷಿಣ ಭಾರತದ ಈ ಬಾನೆಟ್ ಮಂಗಗಳನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತ ಬಂದವರು. ಅವರೂ ಅವರ ಸಂಗಡಿಗರೂ ಬಂಡೀಪುರದಲ್ಲಿ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅಲ್ಲಿನ ಮಂಗಗಳು ತಿನಿಸು ಹಿಡಿದ ಮನುಷ್ಯನ ಕಡೆ ನೋಡುತ್ತ ‘ಕೂ’ ಎಂದು ದನಿ ತೆಗೆದು ಕೈ ಚಾಚಿ ಬೇಡುತ್ತವೆ ಎಂಬುದನ್ನು ಅವರು ಎಚ್ಚರದಿಂದ ದಾಖಲಿಸಿದರು. ಕಸಿಯುವುದಕ್ಕೆ ಕೈ ಚುರುಕಿದ್ದರೆ ಆಯಿತು. ಬೇಡುವುದಕ್ಕೆ ಎದುರಿನವನಲ್ಲೂ ಒಂದು ಮನಸ್ಸಿದೆ, ಅದನ್ನು ಒಲಿಸಬಹುದು ಎಂಬ ಅಂದಾಜಾದರೂ ಇರಬೇಕಲ್ಲವೇ? ನಮ್ಮ ಬುದ್ಧಿಯ ಬೇರು ಎಷ್ಟು ಆಳಕ್ಕೆ ಹೋಗಿದೆ ಎಂದು ಆ ಚಾಚಿದ ಕೈ ನೋಡಿದರೆ ತಿಳಿಯುತ್ತದೆ.

ಮಂಗನಿಂದ ಮಾನವ ಎಂದು ಶಾಲೆಯಲ್ಲಿ ಕೇಳಿದ ಮಾತು ಬಹಳ ಜನರ ತಲೆಯಲ್ಲಿ ಹಾಗೆಯೇ ಉಳಿದಿದೆ. ಅಂಜನಾದ್ರಿಯ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಸುಮಾರು 2.5 ಕೋಟಿ ವರ್ಷಗಳ ಹಿಂದೆ ಇಬ್ಬರಿಗೂ ಒಂದೇ ಮನೆತನ. ಅಲ್ಲಿಂದ ಅವರ ಕವಲು ಬೇರೆ, ನಮ್ಮದು ಬೇರೆ. ಅವರೂ ಅಷ್ಟೇ ಕಾಲ ವಿಕಾಸವಾಗಿದ್ದಾರೆ, ನಾವೂ ಅಷ್ಟೇ ಕಾಲ ವಿಕಾಸವಾಗಿದ್ದೇವೆ. ಹಾಗಿದ್ದರೆ ಕಿಷ್ಕಿಂಧೆಯ ಬಂಡೆಗಳ ಮೇಲೆ ಇಂದಿಗೂ ಅವರು ಬಾಳೆಹಣ್ಣು ಸುಲಿಯುತ್ತಿರುವಾಗ, ಅದೇ ಬಂಡೆಗಳನ್ನು ಕಡಿದು ನಾವು ಗುಡಿ ಕಟ್ಟಿದ್ದು ಹೇಗೆ?

ಮೆದುಳು ದೊಡ್ಡದಾಯಿತು ಎಂಬುದು ಥಟ್ಟನೆ ಬರುವ ಉತ್ತರ. ನಿಜ, ನಮ್ಮ ಮೆದುಳು 1.3 ಕಿಲೊ ಮೇಲಿದೆ, ಬಾನೆಟ್ ಮಂಗನ ಹತ್ತಿರದ ಬಂಧುವಾದ ರೀಸಸ್ ಮಂಗನದು 100 ಗ್ರಾಂ ಕೂಡ ಇಲ್ಲ. ಆದರೆ ತೂಕವೇ ಬುದ್ಧಿಯಾಗಿದ್ದರೆ ಆನೆಯ ಮುಂದೆ ನಾವು ಕೈಕಟ್ಟಿ ನಿಲ್ಲಬೇಕಿತ್ತು. ಅದರ ಮೆದುಳು ನಮ್ಮದಕ್ಕಿಂತ ಮೂರು ಪಟ್ಟು ಭಾರ. ಬ್ರೆಜಿಲ್‌ನ ವಿಜ್ಞಾನಿ ಸುಝಾನಾ ಹೆರ್ಕುಲಾನೊ-ಹೌಜೆಲ್ ಈ ಗಂಟು ಬಿಡಿಸಲು ಒಂದು ಧೈರ್ಯದ ದಾರಿ ಹಿಡಿದರು. ಮೆದುಳನ್ನು ದ್ರವದಲ್ಲಿ ಕರಗಿಸಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸಿದರು. ಮನುಷ್ಯನ ಮೆದುಳಿನಲ್ಲಿ 10,000 ಕೋಟಿ ನರಕೋಶಗಳಿವೆ ಎಂದು ಪುಸ್ತಕಗಳು ಹೇಳುತ್ತಿದ್ದ ಮಾತು 2009ರಲ್ಲಿ ಬದಲಾಯಿತು. ಲೆಕ್ಕ ಸಿಕ್ಕಿದ್ದು ಸುಮಾರು 8,600 ಕೋಟಿ. ಅದರಲ್ಲಿ ಸುಮಾರು 6,900 ಕೋಟಿ ತಲೆಯ ಹಿಂಬದಿಯ ಕಿರುಮೆದುಳಿನಲ್ಲಿವೆ. ಯೋಚನೆ, ಮಾತು, ನೆನಪುಗಳ ಬಹುಪಾಲು ಕೆಲಸ ನಡೆಯುವ ಕಾರ್ಟೆಕ್ಸ್ ಎಂಬ ಸುಕ್ಕುಗಟ್ಟಿದ ಮೇಲ್ಪದರದಲ್ಲಿ ಇರುವುದು 1,600 ಕೋಟಿ. ಆನೆಯ ಕಾರ್ಟೆಕ್ಸ್‌ನಲ್ಲಿ 560 ಕೋಟಿ, ರೀಸಸ್ ಮಂಗನ ಕಾರ್ಟೆಕ್ಸ್‌ನಲ್ಲಿ 170 ಕೋಟಿ. ಮಂಗಗಳ ಕುಲದಲ್ಲಿ ಮೆದುಳು ಹಿಗ್ಗಿದರೂ ಒಂದೊಂದು ನರಕೋಶ ಹೆಚ್ಚು ಹಿಗ್ಗುವುದಿಲ್ಲ, ಹಾಗಾಗಿ ಕಡಿಮೆ ಜಾಗದಲ್ಲಿ ಹೆಚ್ಚು ಕೋಶಗಳು ಕೂರುತ್ತವೆ. ಆ ಕುಲದವರು ನಾವು. ಅಂದರೆ ನಮ್ಮ ದೊಡ್ಡತನದ ಮೊದಲ ಬಂಡವಾಳ ಬಂದದ್ದೇ ಕಿಷ್ಕಿಂಧೆಯ ಕಡೆಯಿಂದ.

ಬಂಡವಾಳ ಇದ್ದರಷ್ಟೇ ಸಾಲದು. ಮುನಿರಾಬಾದಿನಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ನೀರು ನಿಲ್ಲಿಸಿದರು. ನಿಂತ ನೀರು ತಾನಾಗಿ ಗಂಗಾವತಿಯ ಗದ್ದೆಗೆ ಬರಲಿಲ್ಲ. ಎಡದಂಡೆ ಕಾಲುವೆ ಅಗೆದು, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ ಎಳೆದ ಮೇಲೆಯೇ ಸೋನಾ ಮಸೂರಿ ಬೆಳೆಯಿತು. ನರಕೋಶಗಳ ವಿಷಯವೂ ಹೀಗೆಯೇ. ಒಂದೊಂದು ಕೋಶ ಸಾವಿರಾರು ಕೋಶಗಳ ಜೊತೆ ಸಂಪರ್ಕ ಇಟ್ಟುಕೊಂಡಿದೆ. ಕಾರ್ಟೆಕ್ಸ್‌ನ ಅಡಿಯಲ್ಲಿ ಈ ಸಂಪರ್ಕಗಳ ಕಟ್ಟುಗಳು ಬಿಳಿಯಾಗಿ ಹರಡಿವೆ. ನೋಟದ ಭಾಗ ಹಿಂದುಗಡೆ, ಸ್ಪರ್ಶ ಮತ್ತು ಚಲನೆಯ ಪಟ್ಟಿಗಳು ನಡುನೆತ್ತಿಯಲ್ಲಿ, ಕೇಳುವ ಭಾಗ ಕಿವಿಯ ಹತ್ತಿರ. ಈ ವ್ಯವಸ್ಥೆ ಮಂಗನಿಗೂ ಇದೆ, ನಮಗೂ ಇದೆ. ನಮ್ಮಲ್ಲಿ ಅಪಾರವಾಗಿ ಹಿಗ್ಗಿದ್ದು ಇವುಗಳ ನಡುವಿನ ಬಯಲು. ಕಂಡದ್ದನ್ನೂ ಕೇಳಿದ್ದನ್ನೂ ಮುಟ್ಟಿದ್ದನ್ನೂ ಒಂದೆಡೆ ಕೂಡಿಸುವ ಪ್ರದೇಶಗಳು ಅವು. ಜೊತೆಗೆ, ಮುಂದಿನದನ್ನು ಯೋಚಿಸುವ ಹಣೆಯ ಹಿಂದಿನ ಭಾಗ. ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಕಡೆಯನ್ನೂ ಮಾತು ಹೊರಡಿಸುವ ಕಡೆಯನ್ನೂ ಜೋಡಿಸುವ ಕಮಾನಿನಾಕಾರದ ನರಕಟ್ಟೊಂದಿದೆ. ಮಂಗ, ಚಿಂಪಾಂಜಿ, ಮನುಷ್ಯ ಮೂವರಲ್ಲೂ ಅದನ್ನು ಹೋಲಿಸಿ ನೋಡಿದ ಸಂಶೋಧನೆ 2008ರಲ್ಲಿ ಬಂತು. ಮನುಷ್ಯನಲ್ಲಿ ಅದು ಬಹಳ ದಟ್ಟವಾಗಿ, ಕಿವಿಯ ಕೆಳಗಿನ ಭಾಗಗಳವರೆಗೂ ಚಾಚಿದೆ.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಕಣ್ಣಾರೆ ಕಾಣಬೇಕೆನ್ನುವವರು ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋಗಬೇಕು. ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಅವರ ಮುತುವರ್ಜಿಯಿಂದ 1995ರಲ್ಲಿ ಅಲ್ಲಿ ಮೆದುಳಿನ ಭಂಡಾರ ಶುರುವಾಯಿತು. ಪ್ರಾಣಿಗಳ ಮೆದುಳು, ಕಾಯಿಲೆಗೆ ತುತ್ತಾದ ಮೆದುಳು, ಅಪಘಾತದಲ್ಲಿ ನಜ್ಜಾದ ಮೆದುಳು, ಎಲ್ಲವನ್ನೂ ಅಲ್ಲಿ ಕಾಣಬಹುದು. ಅವು ಕುಟುಂಬದವರು ದುಃಖದ ಹೊತ್ತಿನಲ್ಲೂ ಒಪ್ಪಿ ಕೊಟ್ಟ ದಾನ. ಕೈಗವಸು ತೊಟ್ಟು ಒಂದನ್ನು ಹಿಡಿದು ನೋಡಿದವರಿಗೆ ಬೈಕ್ ಹತ್ತುವಾಗ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಬೇರೆ ಹೇಳಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹೈಸ್ಕೂಲು ಮಕ್ಕಳ ಬೆಂಗಳೂರು ಪ್ರವಾಸದಲ್ಲಿ ಲಾಲ್‌ಬಾಗ್, ವಿಧಾನಸೌಧದ ಜೊತೆ ಇದೂ ಸೇರಲಿ ಎಂಬುದು ನನ್ನ ಆಸೆ.

ಮತ್ತೆ ಗಂಗಾವತಿಗೆ ಬರೋಣ. ಅಲ್ಲಿಂದ ಸ್ವಲ್ಪ ದೂರದ ಹಿರೇಬೆಣಕಲ್ ಗುಡ್ಡವನ್ನು ಹತ್ತಿದರೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಸುತ್ತಲಿನವರು ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ, ಗಿಡ್ಡ ದೇಹದ ಜನ ಇದ್ದ ಮನೆಗಳು ಎಂದು ಕಥೆ ಹೇಳುತ್ತಾರೆ. ಇವು ಸತ್ತವರ ನೆನಪಿಗೆ ಬದುಕಿದ್ದವರು ಎತ್ತಿದ ಬೃಹತ್ ಶಿಲಾ ನಿರ್ಮಿತಿಗಳು. 2,000 ವರ್ಷಗಳಿಗೂ ಹಳೆಯವು, ನಾನೂರರ ಮೇಲಿವೆ. 19ನೇ ಶತಮಾನದಲ್ಲಿ ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದರು. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲೇ ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಕಲ್ಲಿದೆ, ಬಡಿದರೆ ಅದರ ಸದ್ದು ಗುಡ್ಡದ ಆಚೆಗೂ ಕೇಳುತ್ತದೆ.

ಆ ಗುಡ್ಡದ ಮೇಲೆ ನಿಂತಾಗಲೆಲ್ಲ ನನಗೆ ಒಂದೇ ಯೋಚನೆ. ಈ ಚಪ್ಪಡಿ ಬಂಡೆಯಿಂದ ಬೇರೆಯಾಗುವ ಮೊದಲೇ ಯಾರದೋ ತಲೆಯೊಳಗೆ ಬೇರೆಯಾಗಿತ್ತು. ಎಷ್ಟು ಉದ್ದ ಸೀಳಬೇಕು, ಎಷ್ಟು ಜನ ಬೇಕು, ಯಾವ ಕಲ್ಲು ಮೊದಲು ನಿಲ್ಲಬೇಕು ಎಂದು ಇನ್ನೂ ಇಲ್ಲದ್ದನ್ನು ಇದ್ದ ಹಾಗೆ ಕಂಡವರು ಅವರು. ಹಣೆಯ ಹಿಂದಿನ ಮೆದುಳಿನ ದೊಡ್ಡ ಕೆಲಸವೇ ಇದು: ಇಲ್ಲದ್ದನ್ನು ಕಾಣುವುದು, ಕಂಡದ್ದಕ್ಕಾಗಿ ಇಂದಿನ ಸುಖವನ್ನು ತಡೆಹಿಡಿಯುವುದು. ಇನ್ನು ಸತ್ತವರಿಗೆ ಮನೆ ಕಟ್ಟುವುದೆಂದರೆ ಇಲ್ಲದವರನ್ನೂ ಮನಸ್ಸಿನಲ್ಲಿ ಉಳಿಸಿಕೊಳ್ಳುವುದು. ಹಾಗೆ ಕಟ್ಟಿದವರ ತಲೆಬುರುಡೆಯಲ್ಲಿ ಇದ್ದದ್ದು ನಮ್ಮಂಥದೇ ಮೆದುಳು. ಅಲ್ಲಿಂದ ಇಲ್ಲಿಗೆ ಮೆದುಳಿನ ರಚನೆ ಬೇರೆಯಾಗಿಲ್ಲ. ಬೇರೆಯಾದದ್ದು ಅದಕ್ಕೆ ಸಿಕ್ಕ ಕಲಿಕೆ.

ಕಲಿಕೆ ಎಂದಾಗ ನಾವು ಶಾಲೆಯನ್ನೇ ನೆನೆಯುತ್ತೇವೆ. ಕಿನ್ನಾಳಕ್ಕೆ ಹೋಗಿ ನೋಡಬೇಕು. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಕಿಟ್ಟ ಎಂಬ ಲೇಪ ಬಳಿದು, ಬಣ್ಣ ಹಾಕಿ ದೇವರನ್ನೂ ಗೊಂಬೆಯನ್ನೂ ಮಾಡುವ ಚಿತ್ರಗಾರ ಮನೆತನಗಳ ಊರು ಅದು. ಮೆದುಳಿನ ಚಲನೆಯ ಪಟ್ಟಿಯಲ್ಲಿ ಅಂಗೈ ಬೆರಳುಗಳಿಗೆ ಸಿಕ್ಕ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಹೆಚ್ಚು. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಕಳೆದ ಶತಮಾನದಲ್ಲಿ ಅದರ ನಕ್ಷೆಯನ್ನೇ ತೆಗೆದಿಟ್ಟರು. ಅಪ್ಪನ ಪಕ್ಕ ಕೂತು ಕುಂಚ ಹಿಡಿದ ಹುಡುಗನ ಕೈಯಲ್ಲಿ ದಿನದಿನಕ್ಕೂ ನಯ ಕೂಡುತ್ತ ಹೋದಂತೆ ಆ ನಕ್ಷೆಯೂ ತಿದ್ದುಗೊಳ್ಳುತ್ತ ಹೋಗುತ್ತದೆ. ಪುಸ್ತಕ ಓದದ ಕೈಯಲ್ಲೂ ಪಾಂಡಿತ್ಯ ಇರುತ್ತದೆ.

ಕೈ, ಕಂಠ, ನೆನಪು ಮೂರನ್ನೂ ಒಟ್ಟಿಗೆ ದುಡಿಸಿದವರನ್ನು ಕಾಣಬೇಕಾದರೆ ಕೊಪ್ಪಳದ ಮೋರನಾಳವಿದೆ. ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಊರು. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗೊಂಬೆ ಆಡಿಸಿದ ಈ ಅಜ್ಜಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಜಿಲ್ಲೆಗೆಲ್ಲ ಹಬ್ಬವಾದ ಸುದ್ದಿ ಅದು. ಪರದೆಯ ಹಿಂದೆ ಏನೇನು ನಡೆಯುತ್ತದೆ ನೋಡಿ. ಒಂದು ಕೈಯಲ್ಲಿ ರಾವಣ, ಇನ್ನೊಂದರಲ್ಲಿ ಹನುಮಂತ. ಒಬ್ಬನ ಮಾತು ಮುಗಿಯುವ ಮುನ್ನ ಇನ್ನೊಬ್ಬನ ದನಿ ಗಂಟಲಲ್ಲಿ ಸಿದ್ಧವಾಗಬೇಕು. ಹಾಡು ತಾಳ ಬಿಡಬಾರದು, ದೀಪದಿಂದ ಗೊಂಬೆಯ ದೂರ ತಪ್ಪಬಾರದು, ಮುಂದಿನ ಸನ್ನಿವೇಶದ ಗೊಂಬೆ ಎಲ್ಲಿದೆ ಎಂಬ ಗುರುತಿರಬೇಕು. ಈಗಿನದನ್ನೂ ಮುಂದಿನದನ್ನೂ ಒಟ್ಟಿಗೆ ಹಿಡಿದಿಡುವುದು ಮುಂಭಾಗದ ಕಾರ್ಟೆಕ್ಸ್. ಕೈಗಳ ಚಲನೆಗೆ ಕಾಲಮಾನ ಕೂಡಿಸುವುದು ಕಿರುಮೆದುಳು. ನೂರಾರು ಬಾರಿ ಮಾಡಿ ಪಳಗಿದ್ದನ್ನು ತಾನಾಗಿ ನಡೆಸುವುದು ಆಳದಲ್ಲಿರುವ ನರಗಂಟುಗಳು. ರಾವಣನಾಗಿ ಗರ್ಜಿಸಿ ಮರುಕ್ಷಣವೇ ಸೀತೆಯಾಗಿ ಅಳಬೇಕೆಂದರೆ ಎರಡು ಮನಸ್ಸುಗಳನ್ನು ತನ್ನ ಒಂದು ಮನಸ್ಸಿನಲ್ಲಿ ಹಿಡಿಯಬೇಕು. ಮೆಟ್ಟಿಲ ಮೇಲಿನ ಮಂಗ ಎದುರಿನವನ ಮುಖ ನೋಡಿ ಅಂದಾಜು ಮಾಡುತ್ತಿತ್ತಲ್ಲ, ಆ ಶಕ್ತಿ ಭೀಮವ್ವನವರಲ್ಲಿ ಇಡೀ ರಾಮಾಯಣವಾಗಿ ಅರಳಿದೆ. ಇದನ್ನು ಅವರು ಒಬ್ಬರೇ ಕೂತು ಕಟ್ಟಿಕೊಂಡದ್ದಲ್ಲ. ಈ ಆಟ ಅವರ ಸಮುದಾಯದ ಮಕ್ಕಳು ಪರದೆಯ ಹಿಂದೆ ಹಿರಿಯರ ಜೊತೆ ಕೂತು, ಕೇಳಿ, ನೋಡಿ ಕಲಿತದ್ದು. ಮೆದುಳಿನೊಳಗಿನ ದಾರಿಗಳನ್ನು ಮನೆಯವರೂ ಊರವರೂ ಸೇರಿ ತೆರೆದದ್ದು.

ನೆನಪನ್ನು ತಲೆಯಿಂದ ಹೊರಗಿಟ್ಟು ಕಾಪಾಡುವ ಇನ್ನೊಂದು ಉಪಾಯವೂ ಇದೇ ನೆಲದಲ್ಲಿ ಬಹಳ ಹಿಂದೆಯೇ ಕಂಡಿತು. ಕೊಪ್ಪಳದ ಗವಿಮಠ ಎಂದರೆ ಎಲ್ಲರಿಗೂ ನೆನಪಾಗುವುದು ಜನವರಿಯ ಜಾತ್ರೆ, ಮಹಾದಾಸೋಹ. ಆ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಒಬ್ಬ ಅರಸ ಆಡಿಸಿದ ಮಾತು ಅವನು ಹೋದ ಮೇಲೂ ಬಂಡೆಯ ಮೇಲೆ ಉಳಿದಿದೆ. ಓದುವುದಕ್ಕೆಂದು ಮೆದುಳಿನಲ್ಲಿ ವಿಕಾಸ ಮೀಸಲಿಟ್ಟ ಭಾಗ ಇಲ್ಲ. ಬರಹ ಹುಟ್ಟಿ 5,000 ವರ್ಷ ದಾಟಿದೆಯಷ್ಟೆ, ವಿಕಾಸಕ್ಕೆ ಅದು ಏನೂ ಅಲ್ಲ. ಫ್ರಾನ್ಸಿನ ವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ತೋರಿಸಿಕೊಟ್ಟಂತೆ, ಮುಖ ಮತ್ತು ವಸ್ತುಗಳನ್ನು ಗುರುತಿಸುತ್ತಿದ್ದ ಎಡಬದಿಯ ತುಣುಕೊಂದನ್ನು ನಾವು ಅಕ್ಷರಕ್ಕೆ ಒಗ್ಗಿಸಿಕೊಳ್ಳುತ್ತೇವೆ. ಉತ್ತರ ಪ್ರದೇಶದ ಹಳ್ಳಿಗಳ ಓದು ಬಾರದ ದೊಡ್ಡವರಿಗೆ ಆರು ತಿಂಗಳು ನಾಗರಿ ಲಿಪಿ ಕಲಿಸಿ, ಅವರ ಮೆದುಳಿನ ಚಿತ್ರ ತೆಗೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕಾರ್ಟೆಕ್ಸ್ ಅಷ್ಟೇ ಅಲ್ಲ, ಬಹಳ ಹಳೆಯದಾದ ಥಲಾಮಸ್ ಮತ್ತು ಮೆದುಳಿನ ಕಾಂಡ ಕೂಡ ನೋಟದ ಭಾಗದ ಜೊತೆ ಹೊಸದಾಗಿ ಹೊಂದಿಕೊಂಡಿದ್ದವು. ರಾತ್ರಿಶಾಲೆಯಲ್ಲಿ ಕಾಗುಣಿತ ತಿದ್ದುವ ಅಮ್ಮಂದಿರು ಇದನ್ನು ಕೇಳಿ ಹಿಗ್ಗಬೇಕು. ವಯಸ್ಸಾಯಿತು, ಇನ್ನೇನು ಕಲಿಯುವುದು ಎಂಬ ಮಾತಿಗೆ ಮೆದುಳಿನ ಒಪ್ಪಿಗೆ ಇಲ್ಲ.

ಗಂಗಾವತಿಯ ಸಂತೆಯಲ್ಲಿ ಅರ್ಧ ತಾಸು ನಿಂತರೆ ಕನ್ನಡ, ತೆಲುಗು, ಉರ್ದು, ಹಿಂದಿ ನಾಲ್ಕೂ ಕಿವಿಗೆ ಬೀಳುತ್ತವೆ. ಒಂದೇ ಮಾತಿನ ನಡುವೆ ಭಾಷೆ ಬದಲಾಗುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳು, ಹೀಗೆ ಹಲವು ನಾಲಿಗೆಗಳು ಇಲ್ಲಿ ಕೂಡಿದವು. ಅದೇ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಭ್ಯಾಸ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಲೋಕದ ಗಮನ ಸೆಳೆಯಿತು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಎರಡು ಭಾಷೆ ಬಲ್ಲವರು ಮಾತಾಡುವಾಗಲೆಲ್ಲ ಒಂದನ್ನು ತಡೆದು ಇನ್ನೊಂದನ್ನು ಆರಿಸಬೇಕು, ಆ ಅಭ್ಯಾಸದಿಂದ ಮೆದುಳಿನಲ್ಲಿ ಬಲ ಕೂಡುತ್ತದೆ ಎಂಬುದು ಅವರ ವಿವರಣೆ. ಸಂತೆಯಲ್ಲಿ ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡುವ ತರಕಾರಿಯ ಅಕ್ಕನ ಜಾಣ್ಮೆಯನ್ನು ನಾವು ಸಣ್ಣದೆಂದು ತಿಳಿಯಬಾರದು.

ಇಷ್ಟೆಲ್ಲ ಸುತ್ತಿ ಬಂದದ್ದು ಒಂದು ಮಾತಿಗಾಗಿ. ಮಂಗನ ಮರಿ ಹುಟ್ಟುವಾಗಲೇ ಅದರ ಮೆದುಳು ದೊಡ್ಡದಾದಾಗ ಇರಬೇಕಾದ ಅಳತೆಯ ಮೂರರಲ್ಲಿ ಎರಡು ಪಾಲು ಬೆಳೆದಿರುತ್ತದೆ. ಮನುಷ್ಯನ ಕೂಸಿನಲ್ಲಿ ಮೂರನೇ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ಬೆಳೆಯುವುದು ಹೊರಗೆ ಬಂದ ಮೇಲೆ, ಜೋಗುಳ ಕೇಳುತ್ತ, ಅಂಬೆಗಾಲಿಡುತ್ತ, ಅಜ್ಜಿಯ ಒಗಟು ಬಿಡಿಸುತ್ತ. 2010ರಲ್ಲಿ ಬಂದ ಸಂಶೋಧನೆಯೊಂದು ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ಮಂಗನಿಗಿಂತ ಮನುಷ್ಯನಲ್ಲಿ ಅತಿ ಹೆಚ್ಚು ಹಿಗ್ಗಿದ ಭಾಗಗಳು ಯಾವುವು ಎಂಬುದು ಒಂದು ನಕ್ಷೆ, ಹುಟ್ಟಿದ ಮೇಲೆ ಮಗುವಿನಲ್ಲಿ ಅತಿ ಹೆಚ್ಚು ಹಿಗ್ಗುವ ಭಾಗಗಳು ಯಾವುವು ಎಂಬುದು ಇನ್ನೊಂದು. ಎರಡೂ ಬಹುಮಟ್ಟಿಗೆ ಒಂದೇ ಆಗಿದ್ದವು! ನಮ್ಮನ್ನು ಮನುಷ್ಯರನ್ನಾಗಿ ಮಾಡಿದ ಭಾಗಗಳನ್ನೇ ವಿಕಾಸವು ಅರೆಬರೆ ಬಿಟ್ಟು, ಮುಗಿಸುವ ಹೊಣೆಯನ್ನು ತಾಯಿಯ ಮಡಿಲಿಗೆ, ಮನೆಯ ಅಂಗಳಕ್ಕೆ, ಊರಿಗೆ ವಹಿಸಿದೆ. ಹಣೆಯ ಹಿಂದಿನ ಭಾಗವಂತೂ ಇಪ್ಪತ್ತೈದರ ಹತ್ತಿರದವರೆಗೂ ಮಾಗುತ್ತಲೇ ಇರುತ್ತದೆ.

ಹೊಣೆಗೆ ಖರ್ಚೂ ಇದೆ. ದೊಡ್ಡವರ ಮೆದುಳು ದೇಹದ ತೂಕದ ನೂರಕ್ಕೆ 2 ಭಾಗ, ಆದರೆ ಶಕ್ತಿಯ ನೂರಕ್ಕೆ 20 ಭಾಗವನ್ನು ಉಣ್ಣುತ್ತದೆ. ಐದು ವರ್ಷದ ಮಗುವಿನಲ್ಲಿ ಆ ಪಾಲು ನೂರಕ್ಕೆ 40ರ ಮೇಲೆ ಹೋಗುತ್ತದೆ ಎಂದು 2014ರ ಸಂಶೋಧನೆ ಹೇಳುತ್ತದೆ. ಮೆದುಳಿಗೆ ಉಣಿಸಲೆಂದೇ ಆ ವಯಸ್ಸಿನಲ್ಲಿ ಮೈ ಬೆಳವಣಿಗೆ ನಿಧಾನವಾಗುತ್ತದೆ. ಆಗ ತಟ್ಟೆಗೆ ಬಿದ್ದ ಅನ್ನ, ಬೇಳೆ, ಹಾಲು, ಮೊಟ್ಟೆಯಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಸೇರುವುದು ತಲೆಗೆ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಬಂತು. ಆಗ ಎದ್ದ ವಾದಗಳಲ್ಲಿ ಕೇಳಬೇಕಾಗಿದ್ದ ಮಾತು ಇದು: ಆ ಮಕ್ಕಳ ತಟ್ಟೆಯಲ್ಲಿ ಮೆದುಳು ಕಟ್ಟುವ ಸಾಮಗ್ರಿ ಇದೆಯೋ ಇಲ್ಲವೋ?

ಗಂಗಾವತಿಗೆ ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಹೆಚ್ಚಿನವು ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಟ್ಟಡ ಏಳುವ ಜಾಗದ ಮರಳ ರಾಶಿಯ ಪಕ್ಕ ಮೂರು ವರ್ಷದ ಮಗು ಇಡೀ ದಿನ ಕೂತಿರುತ್ತದೆ. ಅದರ ಅಂಗನವಾಡಿ ಊರಲ್ಲಿ ಉಳಿಯಿತು, ಅಜ್ಜಿ ಊರಲ್ಲಿ ಉಳಿದಳು, ಭಾಷೆಯೂ ಊರಲ್ಲೇ ಉಳಿಯಿತು. ಕೂಲಿ ಕಳೆದರೆ ಮುಂದಿನ ವರ್ಷ ದುಡಿಯಬಹುದು. ಮೂರನೇ ವರ್ಷದಲ್ಲಿ ಕೇಳಬೇಕಾದ ಮಾತು, ಉಣ್ಣಬೇಕಾದ ಊಟ ಅಷ್ಟೇ ಸುಲಭಕ್ಕೆ ಹತ್ತನೇ ವರ್ಷದಲ್ಲಿ ತುಂಬುವುದಿಲ್ಲ.

ಗ್ರಾಮ ಪಂಚಾಯ್ತಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ತೆರೆದ ಕೂಸಿನ ಮನೆ ಅದಕ್ಕೇ ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ. ಅಂಥ ಮನೆ ಗುಳೆ ಹೋದ ಊರಲ್ಲೂ ಇರಬೇಕು, ಅಲ್ಲಿ ಕನ್ನಡದಲ್ಲಿ ಕಥೆ ಹೇಳುವ ಒಬ್ಬ ಅಕ್ಕ ಇರಬೇಕು, ಮಧ್ಯಾಹ್ನಕ್ಕೆ ಬಿಸಿ ಊಟ ಇರಬೇಕು. ಅಂಗನವಾಡಿ ಕಾರ್ಯಕರ್ತೆಗೆ ನಾವು ಕೊಡುವ ಗೌರವ ಮತ್ತು ಸಂಬಳ ಎರಡೂ ಅವಳ ಕೆಲಸದ ತೂಕಕ್ಕೆ ತಕ್ಕಷ್ಟು ಏರಬೇಕು. 2.5 ಕೋಟಿ ವರ್ಷ ವಿಕಾಸ ನಡೆಸಿಕೊಂಡು ಬಂದ ಕೆಲಸದ ಮುಂದಿನ ಪಾಳಿ ಅವಳದು. ಕುಷ್ಟಗಿಯ ಕೂಲಿಕಾರನ ಮಗಳ ತಲೆಯಲ್ಲಿ ಹಿರೇಬೆಣಕಲ್ಲಿನ ಶಿಲ್ಪಿಗೆ, ಮೋರನಾಳದ ಭೀಮವ್ವನವರಿಗೆ ಸಿಕ್ಕಂಥದೇ 1,600 ಕೋಟಿ ನರಕೋಶಗಳ ಬಂಡವಾಳ ಇದೆ. ಅದು ಬೆಳೆ ಕಾಣುವುದು ಬಿಡುವುದು ನಮ್ಮ ಊರುಗಳ ಕೈಯಲ್ಲಿದೆ.